ಅಂಕಿ ನೋಡಿ ಮೋಸ ಹೋಗಬೇಡಿ

ನೇತ್ರಾವತಿ, ಕುಮಾರಧಾರೆ ಕೂಡುವ ಉಪ್ಪಿನಂಗಡಿಯಲ್ಲಿ ಮೇ ಕೊನೆಗೆ 35 ಡಿಗ್ರಿ ಸೆಕೆ ಎಂದರೆ ರಾಯಚೂರಿನವರು ನಕ್ಕಾರು. ನಗಲಿ ಬಿಡಿ. ಅಲ್ಲಿಯ ಒಣಗಾಳಿಗೆ ಬೆವರು ಬೇಗ ಆರಿ ಮೈ ತಂಪಾಗುತ್ತದೆ. ಇಲ್ಲಿ ಗಾಳಿಯೇ ನೀರು ಕುಡಿದು ಕೂತಿರುವುದರಿಂದ ಬೆವರು ಆರದೆ ಸುಮ್ಮನೆ ಇಳಿಯುತ್ತದೆ, ಒಳಗಿನ ಕಾವು ಒಳಗೇ ಉಳಿಯುತ್ತದೆ. ತೋಟದ ಕೆಲಸ ಬೆಳಗ್ಗೆ 10ರೊಳಗೆ ಮುಗಿಸಿ. ಬರೀ ನೀರು ಸಾಲದು, ಉಪ್ಪು ಹಾಕಿದ ಗಂಜಿತಿಳಿ ಕುಡಿಯಿರಿ (ಬಿಪಿ ಇದ್ದವರು ವೈದ್ಯರನ್ನು ಕೇಳಿಕೊಂಡು). ಪುನರ್ಪುಳಿ ಶರಬತ್ತೂ ಆದೀತು. ಯಾರಾದರೂ ತಲೆಸುತ್ತಿ ಮಾತು ತೊದಲಿದರೆ ನೆರಳಿಗೆ ತಂದು, ಮೈಗೆ ನೀರು ಸುರಿದು ಗಾಳಿ ಬೀಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮಕ್ಕಳು ಹೊಳೆಗಿಳಿಯುತ್ತೇವೆಂದರೆ ಮೊದಲು ಘಟ್ಟದ ಕಡೆ ನೋಡಿ. ಅಲ್ಲಿ ಗುಡುಗಿ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ಏರಬಹುದು. ಅಂದು ಮಾತ್ರ ಖಂಡಿತ ಬಿಡಬೇಡಿ.