ಮುಟ್ಟಿ ನೋಡುವ ಸೂಕ್ಷ್ಮದರ್ಶಕ

ಸೂಕ್ಷ್ಮದರ್ಶಕವೆಂದೊಡನೆ ನಮಗೆ ನೆನಪಾಗುವುದು ಕಣ್ಣು ಮತ್ತು ಮಸೂರ. ಆದರೆ 1986ರಲ್ಲಿ ಬಿನ್ನಿಗ್, ಕ್ವೇಟ್, ಗೆರ್ಬರ್ ಎಂಬ ಮೂವರು ವಿಜ್ಞಾನಿಗಳು ಪ್ರಕಟಿಸಿದ ಪರಮಾಣು ಬಲ ಸೂಕ್ಷ್ಮದರ್ಶಕವು ವಸ್ತುವನ್ನು ನೋಡುವುದಿಲ್ಲ, ತಡವುತ್ತದೆ. ಕತ್ತಲೆಯಲ್ಲಿ ಹಳೆಯ ಓಲೆಗರಿಯ ಮೇಲೆ ಬೆರಳಾಡಿಸಿದರೆ ಕೊರೆದ ಅಕ್ಷರದ ತಗ್ಗು ತಿಳಿಯುವುದಲ್ಲವೇ? ಇದೂ ಹಾಗೆಯೇ. ತೆಳುವಾದ ಪಟ್ಟಿಯ ತುದಿಯಲ್ಲೊಂದು ಅತಿ ಚೂಪಾದ ಮುಳ್ಳು. ಮೇಲ್ಮೈಯ ಉಬ್ಬುತಗ್ಗಿಗೆ ತಕ್ಕಂತೆ ಪಟ್ಟಿ ಬಾಗುತ್ತದೆ. ಅದರ ಬೆನ್ನಿನ ಮೇಲೆ ಬಿದ್ದು ಪ್ರತಿಫಲಿಸುವ ಲೇಸರ್ ಕಿರಣ ಆ ಬಾಗನ್ನು ಹಿಗ್ಗಿಸಿ ತೋರಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಈ ಯಂತ್ರ ಉಂಟು. ನಮ್ಮಂಥವರಿಗೆ ಅದು ದೂರದ ಮಾತು. ಆದರೆ ಅದರ ತತ್ತ್ವವನ್ನು ಮಡಂತ್ಯಾರು ಪೇಟೆಯಲ್ಲಿ ದೊರೆಯುವ ಸಾಮಾನಿನಿಂದಲೇ ಪರೀಕ್ಷಿಸಬಹುದು. ಒಂದು ಹ್ಯಾಕ್ಸಾ ಬ್ಲೇಡು 10 ಸೆಂ.ಮೀ. ಹೊರಚಾಚುವಂತೆ ಬಿಗಿಯಿರಿ. ತುದಿಯ ಮೇಲ್ಗಡೆ ಕನ್ನಡಿಯ ಚೂರು, ಕೆಳಗಡೆ ಗುಂಡುಸೂಜಿಯ ತುಂಡು ಅಂಟಿಸಿರಿ. ಸೂಜಿ ಕೆಳಗಿನ ಹಲಗೆಯನ್ನು ತುಸು ಒತ್ತಿಕೊಂಡಿರಲಿ. ಲೇಸರ್ ಪಾಯಿಂಟರಿನ ಬೆಳಕು ಕನ್ನಡಿಗೆ ಬಡಿದು 5 ಮೀಟರ್ ದೂರದ ಗೋಡೆಯ ಮೇಲೆ ಬೀಳಲಿ. (ಯಾರ ಕಣ್ಣಿಗೂ ಬೀಳಕೂಡದು.) ಸೂಜಿಯಡಿ ಒಂದು ಹಾಳೆ ಕಾಗದ ತೂರಿಸಿದರೆ ಚುಕ್ಕೆ ಸುಮಾರು ಒಂದೂವರೆ ಸೆಂ.ಮೀ. ಸರಿಯುತ್ತದೆ. ಕಾಗದದ ದಪ್ಪವೋ ಸುಮಾರು 0.1 ಮಿ.ಮೀ.; ಎಂದರೆ 150 ಪಟ್ಟು! ಗೋಡೆಯ ದೂರವನ್ನು ಬ್ಲೇಡಿನ ಉದ್ದದಿಂದ ಭಾಗಿಸಿ ಮೂರರಿಂದ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಪಟ್ಟಿ ಗಿಡ್ಡವಾದಷ್ಟೂ ವರ್ಧನೆ ಹೆಚ್ಚು; ನಿಜವಾದ ಯಂತ್ರದಲ್ಲಿ ಪಟ್ಟಿಯ ಉದ್ದ ಮಿಲಿಮೀಟರಿನ ಹತ್ತನೆಯ ಒಂದಂಶದ ಆಸುಪಾಸಿನದು. ರಸ್ತೆಯಲ್ಲಿ ಬಸ್ಸು ಹೋದರೂ ಚುಕ್ಕೆ ನಡುಗೀತು. ಆ ಯಂತ್ರವನ್ನು ಕಂಪನ ತಡೆಯುವ ಮೇಜಿನ ಮೇಲಿಡುವುದೇಕೆಂದು ಆಗ ಅರ್ಥವಾಗುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದುದು ಮುಂದಿನ ಪ್ರಯೋಗ. 1 ಮಿ.ಮೀ. ದಪ್ಪದ ಎರಡು ರಟ್ಟುಗಳನ್ನು ನಡುವೆ 2 ಮಿ.ಮೀ. ಸಂದು ಬಿಟ್ಟು ಹಲಗೆಗೆ ಅಂಟಿಸಿ, ಹಲಗೆಯನ್ನು ಸೂಜಿಯಡಿ ಅರ್ಧರ್ಧ ಮಿ.ಮೀ. ಅಡ್ಡಕ್ಕೆ ಸರಿಸುತ್ತ ಚುಕ್ಕೆಯನ್ನು ಗುರುತಿಸಿರಿ. ಸೂಜಿ ತಳ ಮುಟ್ಟಿದಾಗ ಚುಕ್ಕೆ 15 ಸೆಂ.ಮೀ. ಸರಿಯುತ್ತದೆ. ಈಗ ಸೂಜಿಯ ಬದಲು 6 ಮಿ.ಮೀ. ವ್ಯಾಸದ ಮಣಿ ಅಂಟಿಸಿ ನೋಡಿರಿ. ಮಣಿ ಸಂದಿನ ಎರಡು ಅಂಚುಗಳ ಮೇಲೆ ಕುಳಿತು 0.17 ಮಿ.ಮೀ. ಮಾತ್ರ ಇಳಿಯುತ್ತದೆ, ಚುಕ್ಕೆ ಎರಡೂವರೆ ಸೆಂ.ಮೀ. ಸರಿದು ನಿಲ್ಲುತ್ತದೆ. ಹಳ್ಳ ಅದೇ, ಬೆರಳು ಬೇರೆ! ಯಂತ್ರದ ಮುಳ್ಳು ಮೊಂಡಾದರೂ ಹೀಗೆಯೇ: ಚಿತ್ರದಲ್ಲಿ ವಸ್ತುವಿನ ಆಕಾರದೊಡನೆ ಮುಳ್ಳಿನ ಆಕಾರವೂ ಬೆರೆತಿರುತ್ತದೆ. ಪತ್ರಿಕೆಗಳಲ್ಲಿ ನಾವು ಬೆರಗಾಗಿ ನೋಡುವ ಆ ಚಿತ್ರಗಳ ಬಣ್ಣವಂತೂ ಗಣಕಯಂತ್ರ ಹಚ್ಚಿದ್ದು.

ಆದಕಾರಣ ಮೊದಲು ಅಳತೆ ಗೊತ್ತಿರುವ ವಸ್ತುವೊಂದನ್ನು ತಡವಿಸಿ, ಯಂತ್ರ ಹೇಳುವುದು ಸರಿಯೇ ಎಂದು ನೋಡಬೇಕು. ವಿದ್ಯಾರ್ಥಿಗಳಿಗೆ ಅಗ್ಗದ ವಸ್ತುವೆಂದರೆ ಹಳೆಯ ಸಿ.ಡಿ. ಅದರ ಸಾಲುಗಳ ನಡುವಣ ಅಂತರ 1.6 ಮೈಕ್ರೋಮೀಟರ್. ಅದೇ ಲೇಸರ್ ಪಾಯಿಂಟರನ್ನು ಸಿ.ಡಿ.ಯ ಮೇಲೆ ಹಾಯಿಸಿ, ಗೋಡೆಯ ಮೇಲಿನ ಚುಕ್ಕೆಗಳ ಅಂತರವನ್ನು ಅಡಿಕೋಲಿನಿಂದ ಅಳೆದು, ಈ ಸಂಖ್ಯೆಯನ್ನು ತರಗತಿಯಲ್ಲಿಯೇ ತಾಳೆ ನೋಡಬಹುದು.