ಒಂದೇ ಫಿಸಿಯೋಥೆರಪಿ, ಫಲ ಮಾತ್ರ ಬೇರೆ ಏಕೆ?

ಪ್ರಶ್ನೆ: ನನಗೂ ಪಕ್ಕದ ಮನೆಯವರಿಗೂ ಮಂಡಿ ನೋವು. ಒಂದೇ ಕಡೆ ಫಿಸಿಯೋಥೆರಪಿಗೆ ಹೋದೆವು. ಎಕ್ಸ್‌ರೇ ಪ್ರಕಾರ ಅವರ ಮಂಡಿಯೇ ಹೆಚ್ಚು ಸವೆದಿದೆ. ಆದರೂ ಅವರೀಗ ಸಲೀಸಾಗಿ ಮೆಟ್ಟಿಲು ಹತ್ತುತ್ತಾರೆ. ನನ್ನ ನೋವು ಸ್ವಲ್ಪ ದಿನ ಇಳಿದು ಮತ್ತೆ ಬಂತು. ಕಾರಣವೇನು? ಸವೆದ ಮಂಡಿಗೆ ವ್ಯಾಯಾಮ ಮಾಡಿದರೆ ಇನ್ನಷ್ಟು ಸವೆಯುವುದಿಲ್ಲವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ತಮ್ಮ ಎರಡೂ ಸಂದೇಹಗಳು ಕೇಳತಕ್ಕವೇ. ಮೊದಲು ಎಕ್ಸ್‌ರೇ ವಿಷಯ. ಅದರಲ್ಲಿ ಕಾಣುವುದು ಮೂಳೆಗಳು ಮತ್ತು ಅವುಗಳ ನಡುವಿನ ಅಂತರ, ನೋವು ಕಾಣುವುದಿಲ್ಲ. ಸವೆತ ಹೆಚ್ಚಿದ್ದೂ ಆರಾಮವಾಗಿ ಓಡಾಡುವವರಿದ್ದಾರೆ, ಅಷ್ಟೇನೂ ಸವೆಯದೆ ನರಳುವವರೂ ಇದ್ದಾರೆ.

ಮಂಡಿಗೆ ದೊಡ್ಡ ಆಸರೆ ತೊಡೆಯ ಮುಂಭಾಗದ ಸ್ನಾಯು. ನೋವಿದೆಯೆಂದು ಕಾಲಿಗೆ ಕೆಲಸ ಕೊಡದಿದ್ದರೆ ಅದು ಸೊರಗುತ್ತದೆ. ಆಗ ಕೀಲಿನ ಮೇಲೆ ಹೊರೆ ಹೆಚ್ಚಿ ನೋವೂ ಹೆಚ್ಚುತ್ತದೆ. ಶಾಖ, ಕರೆಂಟ್ ಕೊಡುವ ಯಂತ್ರಗಳು ನೋವನ್ನು ತಾತ್ಕಾಲಿಕವಾಗಿ ತಗ್ಗಿಸಬಹುದೇ ಹೊರತು ಸ್ನಾಯುವಿಗೆ ಬಲ ತುಂಬುವುದು ವ್ಯಾಯಾಮವೇ. ಅದಕ್ಕೆ ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ನೋವು ಇಳಿಯಿತೆಂದು ನೀವು ಮನೆಯಲ್ಲಿ ವ್ಯಾಯಾಮ ಬಿಟ್ಟಿರಬಹುದೇ? ಬಹಳ ಜನ ಮಾಡುವುದು ಹೀಗೆಯೇ. ನನಗನಿಸುವಂತೆ ನಿಮ್ಮಿಬ್ಬರ ವ್ಯತ್ಯಾಸ ಅಲ್ಲಿರಬಹುದು.

ಇನ್ನು ಸವೆಯುವ ಭಯ. ಮೂಳೆಯ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಮುಖ್ಯ ಆಹಾರ. ಭಾರ ಬಿದ್ದು ಬಿಟ್ಟಾಗಲೆಲ್ಲ ಅದು ಸ್ಪಂಜಿನಂತೆ ದ್ರವವನ್ನು ಹೊರಬಿಟ್ಟು ಮತ್ತೆ ಹೀರಿಕೊಳ್ಳುತ್ತದೆ. ಆದ್ದರಿಂದ ಮಂಡಿಗೆ ಹಿತಮಿತವಾದ ಚಲನೆ ಬೇಕೇ ಬೇಕು. ಆದರೆ ವ್ಯಾಯಾಮದಿಂದ ಸವೆದದ್ದು ಮತ್ತೆ ಬೆಳೆಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮಾಡುವಾಗ ತುಸು ನೋವಾದರೆ ಗಾಬರಿ ಬೇಡ. ಮರುದಿನ ಬೆಳಿಗ್ಗೆ ಎಂದಿಗಿಂತ ಹೆಚ್ಚು ನೋವಿದ್ದರೆ ಪ್ರಮಾಣ ಇಳಿಸಿ, ಪೂರ್ತಿ ಬಿಡಬೇಡಿ.

ತೂಕದ್ದೂ ದೊಡ್ಡ ಪಾತ್ರ. ಸ್ಥೂಲಕಾಯರು 1 ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ತಗ್ಗುತ್ತದೆ. ನಿದ್ದೆಗೆಟ್ಟರೆ, ಮನಸ್ಸು ಕುಗ್ಗಿದ್ದರೆ ಅದೇ ನೋವು ಹೆಚ್ಚೆನಿಸುತ್ತದೆ. ಕುಕ್ಕರುಗಾಲಲ್ಲಿ ಕೂತರೆ ನೋವಾಗುವುದಾದರೆ ಸದ್ಯಕ್ಕೆ ಕುರ್ಚಿಯೇ ಇರಲಿ.

ನಿಮ್ಮ ಫಿಸಿಯೋಥೆರಪಿಸ್ಟರನ್ನು ಮತ್ತೊಮ್ಮೆ ಕಂಡು, ಮನೆಯಲ್ಲಿ ಮಾಡುವ ವ್ಯಾಯಾಮಗಳನ್ನು ಅವರೆದುರೇ ಮಾಡಿ ತೋರಿಸಿ, ತಪ್ಪಿದ್ದರೆ ತಿದ್ದುತ್ತಾರೆ. ಮಂಡಿ ಕೆಂಪಾಗಿ ಊದಿಕೊಂಡು ಜ್ವರ ಬಂದರೆ, ಅಥವಾ ಮಡಿಸಿದ ಮಂಡಿ ಸಿಕ್ಕಿಕೊಂಡು ಚಾಚಲಾಗದಿದ್ದರೆ ಮಾತ್ರ ವ್ಯಾಯಾಮ ನಿಲ್ಲಿಸಿ ಕೂಡಲೇ ಮೂಳೆ ವೈದ್ಯರ ಬಳಿ ಹೋಗಿ.