ಬಂಗಲೆ: ಗುಡಿಸಲಿಗೆ ಸಿಕ್ಕ ಬಡ್ತಿ

ಇಂಗ್ಲಿಷಿನ ‘ಬಂಗಲೋ’ ಪದದ ಮೂಲ ಹಿಂದೂಸ್ತಾನಿಯ ‘ಬಂಗ್ಲಾ’. ಅಂದರೆ ‘ಬಂಗಾಳದ ಮಾದರಿಯದು’. ಬಾಗಿದ ಹುಲ್ಲಿನ ಚಾವಣಿಯ, ಒಂದೇ ಅಂತಸ್ತಿನ ಹಳ್ಳಿಮನೆ ಅದು. 17ನೇ ಶತಮಾನದಲ್ಲಿ ಈ ಪದ ಈಸ್ಟ್ ಇಂಡಿಯಾ ಕಂಪನಿಯವರ ಬಾಯಿಗೆ ಬಿದ್ದು ಇಂಗ್ಲಿಷ್ ಸೇರಿತು. ಮನೆಯ ಸುತ್ತ ವರಾಂಡ ಬಂತು. ಪ್ರಯಾಣಿಸುವ ಅಧಿಕಾರಿಗಳಿಗೆ ಡಾಕ್ ಬಂಗಲೆಗಳು ಎದ್ದವು. ಇಂಗ್ಲೆಂಡಿನ ಮೊದಲ ಬಂಗಲೆಗಳು ಕೆಂಟ್ ಕರಾವಳಿಯಲ್ಲಿ, 1870ರ ಆಸುಪಾಸಿನಲ್ಲಿ.

ಅರ್ಥಭೇದ ಗಮನಿಸಿ: ಬ್ರಿಟನ್ನಿನಲ್ಲಿ ಬಂಗಲೋ ಎಂದರೆ ಇಂದಿಗೂ ಮಹಡಿಯಿಲ್ಲದ ಮನೆ. ನಮ್ಮಲ್ಲಿ ‘ಬಂಗಲೆ’ ಸಿರಿವಂತರ ದೊಡ್ಡ ಮನೆ, ಮಹಡಿ ಎಷ್ಟಿದ್ದರೂ ಸರಿ!

ಹಲವರು ಎಡವುವ ಜಾಗ ಬೇರೆಯಿದೆ. ‘ಬೆಂಗಳೂರು’ ಹೆಸರಿಗೂ ಬಂಗಲೆಗೂ ನಂಟಿಲ್ಲ. ಬೇಗೂರಿನ ಸುಮಾರು 890ರ ವೀರಗಲ್ಲಿನಲ್ಲೇ ಆ ಹೆಸರಿದೆ.